ಸ್ಪಷ್ಟನೆ: 'ಬ್ಲೇಡ್ ರನ್ನರ್' 1982ರ ಎಲ್‌ಪಿ ಮೂಲ ಸಂಗೀತವಲ್ಲ

ಮುಂಬೈಯ ಕನ್ನಡಿಗ ರೆಕಾರ್ಡ್ ಸಂಗ್ರಾಹಕರ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮಾತು ಹರಿದಾಡುತ್ತಿದೆ: ಹಾಲಿವುಡ್ ಚಿತ್ರ 'ಬ್ಲೇಡ್ ರನ್ನರ್'ನ ಸಂಗೀತದ 1982ರ ಎಲ್‌ಪಿಯೇ (ಗ್ರಾಮಫೋನ್ ತಟ್ಟೆ) ಮೂಲ ಧ್ವನಿಮುದ್ರಣ, ಚೋರ್ ಬಜಾರ್‌ನಲ್ಲಿ ಕಂಡರೆ ಕೇಳಿದಷ್ಟು ಕೊಟ್ಟು ತಗೊಳ್ಳಿ. ಇದು ತಪ್ಪು.

ಚಿತ್ರದ ಕೊನೆಯಲ್ಲಿ ಪಾಲಿಡೋರ್ ಎಂಬ ರೆಕಾರ್ಡ್ ಕಂಪನಿಯಿಂದ ಆಲ್ಬಂ ಬರುತ್ತದೆಂದು ತೋರಿಸಿದ್ದರೂ ಅದು ಆಗ ಬರಲಿಲ್ಲ. ಬದಲಿಗೆ ಬಂದದ್ದು ನ್ಯೂ ಅಮೆರಿಕನ್ ಆರ್ಕೆಸ್ಟ್ರಾ ಮತ್ತೆ ನುಡಿಸಿದ ರೂಪಾಂತರ. ಚಿತ್ರದ ಸಂಗೀತ ನಿರ್ದೇಶಕ ವ್ಯಾಂಜೆಲಿಸ್ ಸ್ವತಃ ನುಡಿಸಿದ್ದು ಅಧಿಕೃತವಾಗಿ ಹೊರಬಂದದ್ದು 1994ರಲ್ಲಿ.

ದುಡ್ಡು ಕೊಡುವ ಮುನ್ನ ಕವರ್ ತಿರುಗಿಸಿ ನೋಡಿ. ಆರ್ಕೆಸ್ಟ್ರಾದ ಹೆಸರಿದ್ದು ಎಂಟೇ ಟ್ರ್ಯಾಕ್ ಇದ್ದರೆ ಅದು ರೂಪಾಂತರ. 1994ರದ್ದರಲ್ಲಿ ಹನ್ನೆರಡಿವೆ, ಮೊದಲ ಟ್ರ್ಯಾಕಿನಲ್ಲೇ ಫೋಟೋ ಹಿಗ್ಗಿಸಲು ಯಂತ್ರಕ್ಕೆ ಅಪ್ಪಣೆ ಕೊಡುವ ನಾಯಕ ನಟ ಹ್ಯಾರಿಸನ್ ಫೋರ್ಡ್ ದನಿ ಕೇಳುತ್ತದೆ. ಅದು ಮುದ್ರಣದ ದೋಷವಲ್ಲ, ಬೇಕೆಂದೇ ಬೆರೆಸಿದ ಸಂಭಾಷಣೆ. ಶುದ್ಧ ಸಂಗೀತ ಬಯಸುವವರಿಗೆ ಕಿರಿಕಿರಿ ಆಗಬಹುದು, ಆದರೂ ಮೊದಲು ಕೊಳ್ಳಬೇಕಾದ್ದು ಇದನ್ನೇ.

2007ರ ಮೂರು ಸಿಡಿಗಳ ಸೆಟ್‌ನಲ್ಲಿ ಮೊದಲನೆಯದು ಈ 1994ರದ್ದೇ. ಎರಡನೆಯದರಲ್ಲಿ ಅದುವರೆಗೆ ಬಾರದ ಸಂಗೀತವಿದೆ, ಅದಕ್ಕಾಗಿಯೇ ಸೆಟ್ ಕೊಳ್ಳಬಹುದು. ಮೂರನೆಯದು ಚಿತ್ರದ ಸ್ಫೂರ್ತಿಯಿಂದ ಹೊಸದಾಗಿ ಮಾಡಿದ್ದು, ಚಿತ್ರದಲ್ಲಿ ಹುಡುಕಿದರೂ ಸಿಗದು.