ಸ್ಪಷ್ಟನೆ: ಸಿಕ್ಯೂಐಎ ಪರೀಕ್ಷೆಗೆ ಎಂಜಿನಿಯರಿಂಗ್ ಪದವಿ ಕಡ್ಡಾಯವಲ್ಲ

ಎಎಸ್‌ಕ್ಯೂ (ಅಮೆರಿಕನ್ ಸೊಸೈಟಿ ಫಾರ್ ಕ್ವಾಲಿಟಿ) ಸಂಸ್ಥೆ ಕೊಡುವ, ಗುಣಮಟ್ಟ ಸುಧಾರಣೆಯ ಆರಂಭಿಕ ಪ್ರಮಾಣಪತ್ರ ಸಿಕ್ಯೂಐಎ (ಸರ್ಟಿಫೈಡ್ ಕ್ವಾಲಿಟಿ ಇಂಪ್ರೂವ್‌ಮೆಂಟ್ ಅಸೋಸಿಯೇಟ್). ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಪರೀಕ್ಷೆಯಲ್ಲಿ ಪುಸ್ತಕ ತೆರೆಯುವಂತಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ. ಮೂರೂ ತಪ್ಪು.

ಎರಡು ವರ್ಷದ ಕೆಲಸದ ಅನುಭವ ಅಥವಾ ಅಸೋಸಿಯೇಟ್ ಪದವಿಯಂಥ (ಅಮೆರಿಕದ ಎರಡು ವರ್ಷದ ಪದವಿ) ಉನ್ನತ ಶಿಕ್ಷಣ, ಯಾವುದಾದರೊಂದು ಇದ್ದರೆ ಸಾಕು. ಮೂರು ವರ್ಷದ ನವೀಕರಣ ಇರುವುದು ಕ್ವಾಲಿಟಿ ಎಂಜಿನಿಯರ್‌ನಂಥ ಮೇಲಿನ ಪ್ರಮಾಣಪತ್ರಗಳಿಗೆ, ಇದಕ್ಕಲ್ಲ.

ಹೆಚ್ಚು ಜನ ಎಡವುವುದು ಪುಸ್ತಕದ ವಿಷಯದಲ್ಲಿ. ಒಯ್ಯಬಹುದು, ಆದರೆ ಬೈಂಡ್ ಆಗಿರಬೇಕು. ಬಿಡಿ ಹಾಳೆಯೂ ಮಾದರಿ ಪ್ರಶ್ನೋತ್ತರವೂ ನಡೆಯವು. ಹಾಗೆಂದು ಪುಸ್ತಕವನ್ನೇ ನಂಬಿ ಕೂತರೆ ಕೆಟ್ಟಿರಿ: 110 ಪ್ರಶ್ನೆಗಳಿಗೆ ಮೂರು ಗಂಟೆ ಚಿಲ್ಲರೆ, ಅಂದರೆ ಒಂದಕ್ಕೆ ಎರಡು ನಿಮಿಷವೂ ಸಿಗದು. ಪ್ಯಾರೆಟೊ ನಕ್ಷೆ (ಕಾರಣಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಸ್ತಂಭನಕ್ಷೆ) ಯಾವಾಗ, ಕಂಟ್ರೋಲ್ ಚಾರ್ಟ್ (ಕೆಲಸದ ಏರಿಳಿತ ಮಿತಿಯೊಳಗಿದೆಯೇ ಎಂದು ತೋರಿಸುವ ನಕ್ಷೆ) ಯಾವಾಗ ಎಂಬುದು ತಲೆಯಲ್ಲೇ ಇರಬೇಕು. ಪುಟಗುರುತು ಅಂಟಿಸಿದ ಪುಸ್ತಕ ವ್ಯಾಖ್ಯೆ ಹುಡುಕಲಷ್ಟೇ.

110ರಲ್ಲಿ 10ಕ್ಕೆ ಅಂಕವಿಲ್ಲ, ಯಾವುವೆಂದು ಗೊತ್ತಾಗುವುದೂ ಇಲ್ಲ. ತಪ್ಪಿಗೆ ಅಂಕ ಕಳೆಯದ ಕಾರಣ ಯಾವುದನ್ನೂ ಖಾಲಿ ಬಿಡಬೇಡಿ. ತೇರ್ಗಡೆಗೆ 750ಕ್ಕೆ 550 ಬೇಕು; ಅದು ಸ್ಕೇಲ್ಡ್ ಅಂಕ (ಪ್ರಶ್ನೆಪತ್ರಿಕೆಯ ಕಠಿಣತೆಗೆ ತಕ್ಕಂತೆ ಹೊಂದಿಸಿದ ಅಂಕ), ಶೇ 73ರ ಲೆಕ್ಕ ಹಾಕಿ ನೂರಕ್ಕೆ 73 ಸರಿಯುತ್ತರ ಎಂದಲ್ಲ.