ಚಂದನ್‌ನಗರದ ಬೆಳಕಿನ ಹಿಂದಿರುವ ಕೈಗಳು

ಪಶ್ಚಿಮ ಬಂಗಾಳದ ಚಂದನ್‌ನಗರದಲ್ಲಿ ಹಬ್ಬದ ದೀಪಾಲಂಕಾರವು ಉದ್ಯಮವಾಗಿ ಬೆಳೆದ ಬಗೆಯನ್ನು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಸೊಗಸಾಗಿ ನಿರೂಪಿಸಿದೆಯಾದರೂ, ಅದರ ಹಿಂದಿನ ಕೈಕೆಲಸವನ್ನು ಎರಡೇ ಸಾಲಿನಲ್ಲಿ ಮುಗಿಸಿರುವುದು ನನಗೆ ಬೇಸರ ತಂದಿತು. 1950ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ, ಹೂಗ್ಲಿ ನದಿಯ ದಡದ ಈ ಪಟ್ಟಣದಲ್ಲಿ ದುರ್ಗೆಯ ರೂಪವಾದ ಜಗದ್ಧಾತ್ರಿ ದೇವಿಯ ಪೂಜೆಯ ವಿಸರ್ಜನಾ ಮೆರವಣಿಗೆಯೇ ಕಲಾವಿದರ ಪ್ರಯೋಗಶಾಲೆಯಾಗಿತ್ತು. ಶ್ರೀಧರ ದಾಸ್ ಅವರಂತಹ ಕಲಾವಿದರು ಚೌಕಟ್ಟಿನ ಮೇಲೆ ಪುಟ್ಟ ಬಲ್ಬುಗಳಿಂದ ಚಿತ್ರ ಮೂಡಿಸುತ್ತಿದ್ದರು. ಮೋಟಾರಿನಿಂದ ತಿರುಗುವ ರೋಲರಿಗೆ ಲೋಹದ ಪಟ್ಟಿಗಳನ್ನು ಲೆಕ್ಕ ಹಾಕಿ ಜೋಡಿಸಲಾಗುತ್ತಿತ್ತು. ಪಟ್ಟಿಯು ವಿದ್ಯುತ್ ತಂತಿಗೆ ತಾಗಿದಾಗ ಒಂದು ಸಾಲು ಬಲ್ಬುಗಳು ಬೆಳಗಿ, ಸರಿದೊಡನೆ ಆರಿ, ಮುಂದಿನ ಸಾಲು ಬೆಳಗುವುದರಿಂದ ನೋಡುವವರ ಕಣ್ಣಿಗೆ ನವಿಲು ಗರಿ ಬಿಚ್ಚಿದಂತೆ ಕಾಣುತ್ತಿತ್ತು. ಕಂಪ್ಯೂಟರ್ ಇಲ್ಲದೆ ಇಷ್ಟನ್ನು ಸಾಧಿಸಿದ್ದು ಅಸಾಧಾರಣ ಬುದ್ಧಿವಂತಿಕೆಯೆಂದೇ ನನ್ನ ಭಾವನೆ.

ಕೋಲ್ಕತ್ತದ ದುರ್ಗಾಪೂಜೆ ಸಮಿತಿಗಳು ಕೆಲಸ ಒಪ್ಪಿಸತೊಡಗಿದ ಮೇಲೆ ಮನೆಯಂಗಳದ ಕಸುಬು ಕಾರ್ಖಾನೆಯಾಯಿತು. ಇಲ್ಲಿನ ದೀಪಾಲಂಕಾರ ಹೊರ ರಾಜ್ಯಗಳಿಗೂ ಹೊರ ದೇಶಗಳಿಗೂ ಹೋಯಿತು. ಎಲ್‌ಇಡಿ ಬಂದ ನಂತರ ವಿದ್ಯುತ್ ಖರ್ಚು ಇಳಿದದ್ದು ನಿಜ, ಆದರೆ ಅಗ್ಗದ ಸಿದ್ಧ ದೀಪದ ಸರಗಳ ಪೈಪೋಟಿಯೂ ಅದರೊಂದಿಗೇ ಬಂದಿತು. ಹಬ್ಬದ ತಿಂಗಳುಗಳಲ್ಲಿ ಹಗಲಿರುಳು ದುಡಿಯುವ ಕುಶಲಕರ್ಮಿಗಳು ಉಳಿದ ದಿನಗಳಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನು ಲೇಖಕರು ಮುಂದಿನ ಕಂತಿನಲ್ಲಿ ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.