ಸಿದ್ದಿ ಹೆಣ್ಮಕ್ಕಳೇ ಸುದ್ದಿ ಬರೆಯಲಿ

ಯೂಟ್ಯೂಬ್‌ನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳ ಬಗ್ಗೆ ಹುಡುಕಿ ನೋಡಿ. ‘ಆಫ್ರಿಕಾದವರು ಕನ್ನಡ ಮಾತಾಡ್ತಾರೆ’ ಅನ್ನೋ ಥರದ ವಿಡಿಯೋಗಳೇ ಜಾಸ್ತಿ. ಡಮಾಮಿ ಕುಣಿತ, ಗುಂಗುರು ಕೂದಲು, ಮುಗೀತು. ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ವಂಶ ಇದು. ತಲೆಮಾರುಗಳಿಂದ ಇಲ್ಲೇ ಇರುವವರನ್ನು ‘ನಿಮ್ದು ಯಾವ ದೇಶ’ ಅಂತ ಕೇಳಿದರೆ ನನಗೆ ಮೈ ಉರಿಯುತ್ತದೆ.

ಯಲ್ಲಾಪುರದ ಹತ್ತಿರ ಒಂದು ಮನೆಗೆ ಕ್ಯಾಮೆರಾದವರು ಬಂದಾಗ ನಾನೂ ಅಲ್ಲಿದ್ದೆ. ಆ ಮನೆಯ ಅಕ್ಕ ಪ್ಲಾಸ್ಟಿಕ್ ಚೀಲದಿಂದ ಅರಣ್ಯ ಹಕ್ಕಿನ ಅರ್ಜಿ, ಜಿಪಿಎಸ್ ನಕ್ಷೆ, ಹಳೇ ರಸೀದಿ ತೆಗೆದು ಚಾಪೆ ಮೇಲೆ ಹರವಿದರು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಆ ಜಾಗದ ಹಕ್ಕು ಸಿಗಬೇಕಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಅಲ್ಲಿ ಇದ್ದೆವು ಅಂತ ತೋರಿಸಬೇಕು. ಒಂದೊಂದು ಹಾಳೆಗೂ ಬೆರಳಿಟ್ಟು ವಿವರಿಸಿದರು. ವಿಡಿಯೋ ಬಂದಾಗ ನೋಡಿದರೆ ಅವರು ಕೌದಿ ಹೊಲಿಯುವುದಷ್ಟೇ ಇತ್ತು.

ಇದೇ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರ ಪಾಡೂ ಇದೇ. 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಅಂಕೋಲಾದ ಜನಪದ ಹಾಡುಗಾರ್ತಿ ಸುಕ್ರಜ್ಜಿಯ (ಸುಕ್ರಿ ಬೊಮ್ಮಗೌಡ) ಹಾಡು, ಮಣಿಸರ ಎಲ್ಲ ಕಡೆ ಬಂತು. ಸಾರಾಯಿ ವಿರುದ್ಧ ಅವರು ಹೋರಾಡಿದ್ದು ಎಷ್ಟು ಜನರಿಗೆ ಗೊತ್ತು? ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳು ಸೇರಿಲ್ಲ. ಹಾಗಾಗಿ ಅದೇ ಕಾಡಿನ ಹಕ್ಕಿಗೆ ಅವರು ಆ ತಾರೀಕಿಗಿಂತ ಹಿಂದಿನ 75 ವರ್ಷದ ಪುರಾವೆ ಕೊಡಬೇಕು. ದಿನಾ ಪೇಪರ್ ಓದುವವರಿಗೂ ಈ ವ್ಯತ್ಯಾಸ ಗೊತ್ತಿಲ್ಲ ಅಂದರೆ ಪೇಪರಿನಲ್ಲೇ ಏನೋ ಕೊರತೆ ಇದೆ ಅಲ್ವಾ?

ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ‘ಖಬರ್ ಲಹರಿಯಾ’ ಶುರುವಾಯಿತು. ಹಳ್ಳಿಯ ಹೆಂಗಸರೇ ವರದಿಗಾರರು, ಅವರಲ್ಲಿ ದಲಿತರೂ ಇದ್ದಾರೆ. ಮೊದಲು ಅಲ್ಲಿನ ಬುಂದೇಲಿ ಭಾಷೆಯಲ್ಲಿ ಪತ್ರಿಕೆ, ಈಗ ಮೊಬೈಲಿನಲ್ಲೇ ಸುದ್ದಿ. ನೀರು, ರಸ್ತೆ, ಪೊಲೀಸರು ದೂರು ತಗೊಳ್ಳದೇ ಇದ್ದದ್ದು, ಎಲ್ಲಾ ಬರೆಯುತ್ತಾರೆ. ಬೆಂಗಳೂರಿನ ಸಮುದಾಯ ರೇಡಿಯೋ ಒಂದರಲ್ಲಿ ಟ್ರಾನ್ಸ್ ಮಹಿಳೆಯೇ ಆರ್‌ಜೆ ಆದರು. ನಮ್ಮಲ್ಲಿ ಯಾಕೆ ಆಗಬಾರದು?

ಶಿರಸಿ, ಕಾರವಾರದಲ್ಲಿ ಸ್ವಂತ ಚಾನೆಲ್ ನಡೆಸುವ ಗೆಳೆಯರೇ, ಒಬ್ಬ ಸಿದ್ದಿ ಹುಡುಗಿಯನ್ನು, ಒಬ್ಬ ಹಾಲಕ್ಕಿ ಹುಡುಗಿಯನ್ನು ಸಂಬಳ ಕೊಟ್ಟು ಕೆಲಸಕ್ಕೆ ತಗೊಳ್ಳಿ. ಸುಮ್ನೆ ದಾರಿ ತೋರಿಸೋಕೆ ಅಲ್ಲ. ಯಾವುದು ಸುದ್ದಿ, ಎಲ್ಲಿ ಕತ್ತರಿ ಹಾಕಬೇಕು ಅನ್ನೋದನ್ನೂ ಅವರೇ ಹೇಳಲಿ. ಬಸ್ ಚಾರ್ಜು, ಡೇಟಾ ಖರ್ಚು ಅವರ ತಲೆಗೆ ಕಟ್ಟಬೇಡಿ.

ದುಡ್ಡೆಲ್ಲಿಂದ ತರೋದು ಅಂತೀರಿ. ನ್ಯಾಯವಾದ ಪ್ರಶ್ನೆಯೇ. ಜಾಹೀರಾತು ಕೊಡುವವರನ್ನೇ ನಂಬಿದರೆ ಕಾಡಿನ ಜಾಗದ ತಕರಾರು ಬರೆಯೋಕೆ ಆಗೋದಿಲ್ಲ. ಓದುವವರು, ನೋಡುವವರು ತಿಂಗಳಿಗೆ 100 ರೂಪಾಯಿ ಹಾಕಬೇಕು. ಯಾರಾದರೂ ಶುರು ಮಾಡುವುದಾದರೆ ಇಲ್ಲೇ ಹೇಳಿ, ಒಂದು ವರ್ಷದ ಚಂದಾ ನಾನು ಈಗಲೇ ಕಟ್ಟುತ್ತೇನೆ.